ಲಂಗರು ಕದಲಿರಲಿಲ್ಲ

ಹೂಟಗಳ್ಳಿಯ ಹುಚ್ಚಣ್ಣನ ವೆಲ್ಡಿಂಗ್ ಶಾಪಿನಲ್ಲಿ ಗೇಟಿದೆ, ಗ್ರಿಲ್ಲಿದೆ, ಯಾರೋ ಮಾಡಲು ಹೇಳಿ ಮರೆತೇಹೋದ ಉಯ್ಯಾಲೆಯ ಕಂಬಗಳೂ ಇವೆ. ಅಲ್ಲಿ ದೋಣಿಯ ಲಂಗರಿಗೇನು ಕೆಲಸ ಎಂದು ಕೇಳುವವರು ಕೇಳಲಿ, ತಪ್ಪೇನಿಲ್ಲ. ಮೈಸೂರಿನವರು ಸಮುದ್ರ ನೋಡಬೇಕಾದರೆ ಘಟ್ಟ ಇಳಿದೇ ನೋಡಬೇಕು. ಆದರೂ ಮೂರೂವರೆ ತಿಂಗಳಿಂದ ಗ್ರೈಂಡಿಂಗ್ ಮೆಷಿನ್ನಿನ ಹಿಂದೆ, ಎರಡು ಗೋಣಿಚೀಲದಡಿ, ಹದಿನಾರು ಕೆಜಿಯ ಒಂದು ಲಂಗರು ಬಿದ್ದಿತ್ತು. ಅದನ್ನು ತನ್ನ ಕೈಯಾರೆ ಮಾಡಿದವನು ಹುಚ್ಚಣ್ಣ. ಈಗ ಬಚ್ಚಿಟ್ಟವನೂ ಅವನೇ, ಅದೂ ಹೆತ್ತ ಮಗಳ ಕಣ್ಣಿಗೆ ಬೀಳದ ಹಾಗೆ.

ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂದಿತ್ತು. ಮಂಗಳೂರಿನ ಆಚೆಯ ಒಂದು ಅಳಿವೆಯಿಂದ, ಮೀನು ಹಿಡಿಯುವವನೊಬ್ಬ.

“ಹುಚ್ಚಣ್ಣ ಇಂಜಿನಿಯರಿಂಗ್ ವರ್ಕ್ಸಾ? ನಿಮ್ಮದೊಂದು ಲಂಗರು ಉಂಟು ನೋಡಿ ನಮ್ಮ ಹತ್ರ. ನಮ್ಮ ದೋಣಿಯ ಲಂಗರು ಅದಕ್ಕೆ ಸಿಕ್ಕಿಹಾಕಿಕೊಂಡದ್ದು. ಎಳೆದ್ರೆ ಬರುದೇ ಇಲ್ಲ ಮಾರಾಯ್ರೆ, ಅಷ್ಟು ಆಳಕ್ಕೆ ಹೂತುಹೋಗಿತ್ತು. ಮೂರು ಜನ ಬೇಕಾಯ್ತು. ಮೇಲೆ ನಿಮ್ಮ ಹೆಸರು, ಫೋನ್ ನಂಬರು ಕೊರೆದದ್ದುಂಟು.”

ತಾನು ಮಾಡಿದ ಪ್ರತಿಯೊಂದರ ಮೇಲೂ ಹೆಸರು, ನಂಬರು ಕೊರೆಯುವುದು ಹುಚ್ಚಣ್ಣನ ಜಂಬ. ಗೇಟು ಜೋತುಬಿದ್ದರೆ ಯಾರಿಗೆ ಬೈಯಬೇಕು ಅಂತ ಜನಕ್ಕೆ ಗೊತ್ತಿರಲಿ ಕಣ್ರೀ, ಎನ್ನುತ್ತಿದ್ದ. ನಲವತ್ತು ವರ್ಷದಲ್ಲಿ ಯಾರೂ ಬೈಯಲು ಫೋನು ಮಾಡಿರಲಿಲ್ಲ.

ಲಂಗರು ಮೀನಿನ ಲಾರಿಯಲ್ಲಿ ಹುಣಸೂರು ರಸ್ತೆಯವರೆಗೆ ಬಂತು. ಶಾಪಿಗೆ ತಂದು, ಬಾಗಿಲು ಎಳೆದುಕೊಂಡು, ಕೆಸರು ಕೆರೆದು ನೋಡಿದ. ವೆಲ್ಡಿಂಗ್ ಒಂದು ಕಡೆಯೂ ಬಿರಿದಿರಲಿಲ್ಲ, ದಿಂಡು ಬಾಗಿರಲಿಲ್ಲ. ಅದರ ತುದಿಯ ತೂತಿನಲ್ಲಿ ಕುದುರೆ ಲಾಳದಂಥ ಕಬ್ಬಿಣದ ಕೊಂಡಿ ಹಾಗೇ ನೇತಾಡುತ್ತಿತ್ತು. ಲಂಗರನ್ನೂ ಸರಪಳಿಯನ್ನೂ ಸೇರಿಸುವುದು ಈ ಕೊಂಡಿ. ಇದರ ಬಾಯಿಗೆ ಅಡ್ಡಲಾಗಿ ಒಂದು ತಿರುಪಿನ ಪಿನ್ನು. ಪಿನ್ನು ತಾನಾಗಿ ತಿರುಗಿ ಬಿಚ್ಚಿಕೊಳ್ಳಬಾರದು ಅಂತ ಅದರ ತಲೆಯ ತೂತಿಗೆ ತಂತಿ ಪೋಣಿಸಿ ಕೊಂಡಿಗೆ ಬಿಗಿಯುತ್ತಾರೆ. ಇಕ್ಕಳ ಹಿಡಿದರೆ ಎರಡು ನಿಮಿಷದ ಕೆಲಸ.

ಕೊಂಡಿ ಇತ್ತು. ಪಿನ್ನು ಇರಲಿಲ್ಲ. ಆ ತಂತಿಯನ್ನು ಕಟ್ಟದೆ ಬಿಟ್ಟವನು ತಾನೇ ಎಂಬುದು ಹುಚ್ಚಣ್ಣನಿಗೆ ಚೆನ್ನಾಗಿ ನೆನಪಿತ್ತು. ಅಳಿಯ ಸತ್ತದ್ದು ಈ ಪಿನ್ನು ಕಳಚಿ. ಮಗಳು ಸೌಮ್ಯಶ್ರೀ ಮಾತ್ರ ಗಂಡನನ್ನು ಕೊಂದವಳು ತಾನೇ ಎಂದು ನಂಬಿ ದಿನದಿನಕ್ಕೆ ಸೊರಗುತ್ತಿದ್ದಳು. ಒಂದು ಮಾತು ಹೇಳಿದರೆ ಅವಳ ಎದೆಯ ಕಲ್ಲು ಇಳಿಯುತ್ತದೆ. ಆ ಮಾತು ಹೇಳಿದರೆ ಅವನಿಗೆ ಮಗಳಿಲ್ಲ. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ನಮ್ಮವರು ಅಂತ ಉಳಿದದ್ದು ಇವಳು, ಇವಳ ಮಗಳು, ಇಬ್ಬರೇ.

ನಾಳೆ ಹೇಳೋಣ ಎಂದುಕೊಂಡ. ಗೋಣಿಚೀಲ ಹೊದಿಸಿದ.

ಅಳಿಯ ಯೋಗೇಂದ್ರನಿಗೆ ಸಮುದ್ರದ ಗೀಳು. ಹತ್ತು ವರ್ಷ ಸರಕಿನ ಹಡಗುಗಳಲ್ಲಿ ಇಂಜಿನ್ ನೋಡಿಕೊಂಡಿದ್ದ. ಮಗಳು ಸುಮಾ ಹುಟ್ಟಿದ ಮೇಲೆ ಅದನ್ನು ಬಿಟ್ಟು ಮೈಸೂರಿಗೆ ಬಂದು, ವಿದ್ಯಾರಣ್ಯಪುರಂನಲ್ಲಿ ಮನೆ ಮಾಡಿ, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ. ಮನಸ್ಸು ಮಾತ್ರ ನೀರಿನಲ್ಲೇ ಇತ್ತು. ಇಪ್ಪತ್ತೇಳು ಅಡಿಯ ಒಂದು ಹಳೆಯ ಹಾಯಿದೋಣಿಯನ್ನು ಕೊಂಡು ಆ ಅಳಿವೆಯಲ್ಲಿ ಬಿಟ್ಟಿದ್ದ. ಒಂದು ವರ್ಷ ಕೆಲಸಕ್ಕೆ ರಜೆ ಹಾಕಿ ಅದನ್ನು ರಿಪೇರಿ ಮಾಡುವುದು, ಬೇಸಿಗೆಗೆ ಹೆಂಡತಿ ಮಗಳನ್ನು ಕೂರಿಸಿಕೊಂಡು ದಡದಗುಂಟ ಕೊಚ್ಚಿಯವರೆಗೆ ಹೋಗುವುದು, ಇದು ಅವನ ಆಸೆ. ಆ ದೋಣಿಗೆ ಒಳ್ಳೆಯ ಲಂಗರು ಇರಲಿಲ್ಲ. ಮಾವನ ಹತ್ತಿರ ಬಂದ.

ಹುಚ್ಚಣ್ಣನಿಗೆ ಖುಷಿಯೋ ಖುಷಿ. ಗ್ರಿಲ್ಲು ಮಾಡಿ ಮಾಡಿ ಸಾಕಾಗಿತ್ತು.

“ಭಾರ ಜಾಸ್ತಿ ಮಾಡನ ಬುಡಪ್ಪ. ಐವತ್ತು ಕೆಜಿ ಹಾಕುದ್ರೆ ಆನೆ ಕಟ್ಟುದ್ರೂ ಅಲ್ಲಾಡಕಿಲ್ಲ.”

“ಭಾರದಿಂದ ನಿಲ್ಲಲ್ಲ ಮಾವ. ಲಂಗರು ನಿಲ್ಲೋದು ನೆಲ ಕಚ್ಚಿಕೊಂಡು,” ಎಂದು ಯೋಗೇಂದ್ರ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. “ಮೇಲಕ್ಕೆ ಎಳೆದ್ರೆ ಕಿತ್ಕೊಂಡು ಬಂದ್ಬಿಡುತ್ತೆ. ಅಡ್ಡಕ್ಕೆ ಎಳೆದ್ರೆ ಇನ್ನೂ ಒಳಕ್ಕೆ ಇಳಿಯುತ್ತೆ. ಅದಕ್ಕೇ ಚೈನು ಉದ್ದ ಬೇಕು, ಅದು ನೆಲದ ಮೇಲೆ ಮಲಗಿರ್ಬೇಕು. ನೀರಿನ ಆಳದ ಐದು ಪಟ್ಟಾದ್ರೂ ಬಿಡ್ಬೇಕು. ಗಾಳಿ ಜೋರಾದ್ರೆ ಏಳು.”

ಚಿತ್ರಗಳನ್ನೂ ತೋರಿಸಿದ. ಬಂಡೆಗೆ ಕೊಕ್ಕೆಯಂಥದ್ದು, ಮರಳಿಗೆ ಎರಡು ಅಗಲ ಎಲೆಯಂಥದ್ದು. ಮೂರನೆಯ ಚಿತ್ರ ಬಂದಾಗ ಹುಚ್ಚಣ್ಣ ತೊಡೆ ತಟ್ಟಿಕೊಂಡ.

“ಅಯ್ಯೋ ಇದು ನೇಗಿಲಲ್ವೇನಪ್ಪ!”

ಕೆಸರಿಗೆ ಅದೇ ಸರಿ, ಅಳಿವೆಯ ತಳವೆಲ್ಲ ಕೆಸರು ಎಂದ ಯೋಗೇಂದ್ರ. ಇನ್ನೇನು ಬೇಕು! ಈಗ ಕಾರ್ಖಾನೆ ಎದ್ದಿರುವ ಜಾಗದಲ್ಲೇ ಹುಚ್ಚಣ್ಣ ಹದಿನೆಂಟರ ಹರೆಯದಲ್ಲಿ ಅಪ್ಪನ ಹೊಲ ಉತ್ತವನು. ನೇಗಿಲು ಎಷ್ಟು ಓರೆಯಾದರೆ ನೆಲಕ್ಕೆ ಇಳಿಯುತ್ತದೆ, ಎಷ್ಟಾದರೆ ಮೇಲೆ ಜಾರುತ್ತದೆ ಎನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ಸಲ ಮಾಡಿ ಒಡೆದುಹಾಕಿ ಮೂರನೇ ಸಲ ಸರಿಯಾಗಿ ಮಾಡಿದ. ನೀರು ನಿಲ್ಲಿಸಿದ್ದ ಗದ್ದೆಯೊಂದಕ್ಕೆ ಕೊಂಡೊಯ್ದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರು. ಹಗ್ಗ ಪಟ್ಟೆಂದು ಹರಿಯಿತು. ಲಂಗರು ಅಲ್ಲಾಡಲಿಲ್ಲ. ಮಾವ ಅಳಿಯ ಇಬ್ಬರೂ ಕೆಸರಿನಲ್ಲಿ ನಿಂತು ಮಕ್ಕಳ ಹಾಗೆ ಕುಣಿದರು. ಹುಚ್ಚಣ್ಣನ ಬದುಕಿನಲ್ಲಿ ಅಂಥ ಸಂತೋಷದ ದಿನ ಬಹಳ ಇರಲಿಲ್ಲ.

ಮೂವತ್ತು ಮೂವತ್ತು ಮೀಟರಿನ ಎರಡು ಸರಪಳಿ ಬಂದವು. ದಸರಾ ರಜೆಗೆ ಮನೆಮಂದಿಯೆಲ್ಲ ಕಾರಿನಲ್ಲಿ ಹೋಗಿ ದೋಣಿ ನೋಡಿಕೊಂಡು ಬರುವುದೆಂದು ನಿಶ್ಚಯವಾಯಿತು. ಆಯುಧಪೂಜೆಯ ದಿನ ಹುಚ್ಚಣ್ಣ ಶಾಪು ತೊಳೆದು, ಸುತ್ತಿಗೆ, ಇಕ್ಕಳ, ವೆಲ್ಡಿಂಗ್ ಸೆಟ್ಟು ಎಲ್ಲಕ್ಕೂ ವಿಭೂತಿ ಕುಂಕುಮ ಇಟ್ಟು ಸೇವಂತಿಗೆ ಏರಿಸಿದ. ನಡುವೆ, ಒಂದು ಸರಪಳಿ ಸೇರಿಸಿದ್ದ ಲಂಗರನ್ನು ಕೂರಿಸಿ ಅದಕ್ಕೆ ದೊಡ್ಡ ಹಾರ ಹಾಕಿದ. ಸಂಜೆ ಯೋಗೇಂದ್ರ ಅದನ್ನು ಒಯ್ಯಲು ಬಂದವನು ಬಗ್ಗಿ ನೋಡಿದ.

“ಮಾವ, ಪಿನ್ನಿಗೆ ತಂತಿ ಹಾಕಿಲ್ವಲ್ಲ?”

“ಇವತ್ತು ಆಯುಧ ಮುಟ್ಟಂಗಿಲ್ಲ ಕಣಪ್ಪ. ಪೂಜೆಗೆ ಕೂತವೆ. ನಾಳೆ ಬೆಳಿಗ್ಗೆ ಪೂಜೆ ಕದಲಿಸ್ಬುಟ್ಟು ಕಟ್ಟಿಕೊಡ್ತೀನಿ.”

“ನಾಳೆ ಜಂಬೂಸವಾರಿ ಮಾವ, ರಸ್ತೆ ಎಲ್ಲ ಬಂದ್. ನಾವು ಬೆಳಗಿನ ಜಾವ ನಾಲ್ಕು ಗಂಟೆಗೇ ಹೊರಡ್ಬೇಕು. ಒಂದು ಇಕ್ಕಳ ಕೊಡಿ, ನಾನೇ ಕಟ್ಕೋತೀನಿ.”

“ಲಂಗರಾದ್ರೆ ನಿಂದು, ಎತ್ಕೊಂಡೋಗು. ಪೂಜೆಯಿಂದ ನನ್ನ ಇಕ್ಕಳ ಎತ್ತಕೆ ಕೊಡ್ತೀನಾ ನಾನು? ಒಳ್ಳೆ ಕತೆ!” ಎಂದು ಹುಚ್ಚಣ್ಣ ನಕ್ಕ. “ಬಿಗಿಯಾಗಿ ಕೂರ್ಸಿದೀನಿ ಹೋಗಪ್ಪ. ನನ್ನ ಕೈಲಿ ಬಿಗಿದದ್ದು ಬಿಚ್ಚಕೊಂಡಿದ್ದುಂಟಾ? ತಂತಿ ಏನೂ ಬ್ಯಾಡ, ನಂದು ಗ್ಯಾರಂಟಿ.”

ಮಾವನ ಗ್ಯಾರಂಟಿಯ ಮೇಲೆ ಯೋಗೇಂದ್ರ ಇನ್ನೊಂದು ಮಾತಾಡಲಿಲ್ಲ, ಆಮೇಲೆ ತಾನೂ ತಂತಿ ಹಾಕಲಿಲ್ಲ. ಒಂದು ಸರಪಳಿಯನ್ನು ಲಂಗರಿನೊಂದಿಗೆ ಡಿಕ್ಕಿಗೆ ಹಾಕಿದರು. ಮನೆಗೆ ಬಂದು ಅಲ್ಲಿದ್ದ ಎರಡನೆಯದನ್ನೂ ಹಾಕಲು ಹೋದಾಗ ಸೌಮ್ಯಶ್ರೀ ತಡೆದಳು. “ಗಾಡಿ ಹಿಂದುಗಡೆ ಕೂತೇ ಹೋಯ್ತಲ್ರೀ. ನಾನು, ಸುಮಾ, ಅತ್ತೆ ಬೇರೆ ಇದ್ದೀವಿ. ಇದನ್ನ ಆಮೇಲೆ ಒಯ್ಯುವಿರಂತೆ.” ಅದೂ ಸರಿಯೇ ಅನ್ನಿಸಿತು. ಆ ಮೂವತ್ತು ಮೀಟರು ಚೀಲದಲ್ಲಿ ವಿದ್ಯಾರಣ್ಯಪುರಂ ಮನೆಯ ಮೆಟ್ಟಿಲ ಕೆಳಗೆ ಉಳಿಯಿತು.

ಹೆಂಗಸರು ವಾರಕ್ಕೆಲ್ಲ ಬಸ್ಸಿನಲ್ಲಿ ಹಿಂತಿರುಗಿದರು. ಯೋಗೇಂದ್ರ ದೋಣಿಯಲ್ಲೇ ಉಳಿದ. ನವೆಂಬರ್ ಕೊನೆಗೆ ವಾಯುಭಾರ ಕುಸಿದು ಒಂದು ಬೆಳಗಿನ ಜಾವ ಗಾಳಿ ಎದ್ದಿತು. ದೋಣಿ ಅಳಿವೆಯ ಬಾಯಿಯ ಬಂಡೆಗಳಿಗೆ ಬಡಿದು ಚೂರುಚೂರಾಯಿತು. ಯೋಗೇಂದ್ರನ ದೇಹ ಎರಡು ದಿನ ಬಿಟ್ಟು ಸಿಕ್ಕಿತು. ಲಂಗರೂ ಇಲ್ಲ, ಸರಪಳಿಯೂ ಇಲ್ಲ. ಅವನ ಹಡಗಿನ ಗೆಳೆಯರು ಹದಿಮೂರನೇ ದಿನ ಊಟಕ್ಕೆ ಕೂತಲ್ಲಿ, ಚೈನು ಸಾಕಾಗಿಲ್ಲ, ಲಂಗರು ಕಿತ್ತುಬಂದಿದೆ, ಎಂದು ಮಾತಾಡಿಕೊಂಡರು. ಬಡಿಸುತ್ತಿದ್ದ ಸೌಮ್ಯಶ್ರೀಯ ಕಿವಿಗೆ ಅದು ಬಿತ್ತು. ಕೈಯಲ್ಲಿದ್ದ ಪಾಯಸದ ಪಾತ್ರೆಯನ್ನು ಅಲ್ಲೇ ನೆಲಕ್ಕಿಟ್ಟು ಮೆಟ್ಟಿಲ ಕೆಳಗೆ ಹೋಗಿ ಕೂತಳು.

ಅಲ್ಲಿಂದ ಶುರುವಾಯಿತು ನೋಡಿ. ಗಂಡನ ಪುಸ್ತಕಗಳನ್ನೆಲ್ಲ ತೆಗೆದು ಓದಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು ಕೆಸರಿಗೆ ಯಾವ ಲಂಗರು, ಉಬ್ಬರದಲ್ಲಿ ನೀರು ಎಷ್ಟು ಏರುತ್ತದೆ, ಅಣಿಯ, ಅಂದರೆ ದೋಣಿಯ ಮುಂತುದಿಯ, ಎತ್ತರವನ್ನೂ ಆಳಕ್ಕೆ ಯಾಕೆ ಕೂಡಿಸಬೇಕು ಎಲ್ಲ ಕಲಿತಳು. ನೋಟ್‌ಬುಕ್ಕಿನ ತುಂಬ ಒಂದೇ ಲೆಕ್ಕ. ಆಳ ಐದು, ಅಣಿ ಒಂದು, ಒಟ್ಟು ಆರು. ಆರೇಳಲ ನಲವತ್ತೆರಡು. ಇದ್ದದ್ದು ಮೂವತ್ತು.

“ಹನ್ನೆರಡು ಮೀಟರು ಅಪ್ಪ,” ಎನ್ನುತ್ತಿದ್ದಳು ಹುಚ್ಚಣ್ಣ ಹೋದಾಗಲೆಲ್ಲ. “ಹನ್ನೆರಡು ಮೀಟರು ಇಲ್ಲೇ ಬಿದ್ದಿತ್ತು, ನನ್ನ ಮನೇಲಿ. ಕಾರು ತಗ್ಗುತ್ತೆ ಅಂದ್ನಲ್ಲ ನಾನು, ನನ್ನ ಬಾಯಿಗಿಷ್ಟು ಬೆಂಕಿ ಹಾಕ.”

“ಹಂಗೆಲ್ಲ ಅನ್ಬೇಡ ಕಣವ್ವ,” ಎನ್ನುತ್ತಿದ್ದ ಹುಚ್ಚಣ್ಣ. ಮೇ ತಿಂಗಳವರೆಗೆ ಅದು ಸಮಾಧಾನದ ಮಾತು. ಆಮೇಲೆ ಅದು ಸುಳ್ಳು. ಎಷ್ಟೋ ಭಾನುವಾರ ಇವತ್ತು ಹೇಳಿಯೇಬಿಡುತ್ತೇನೆ ಅಂತ ಅವನು ವಿದ್ಯಾರಣ್ಯಪುರಂಗೆ ಹೋದ. ಸುಮಾ ಓಡಿಬಂದು “ತಾತ!” ಎಂದು ಕೈಹಿಡಿದರೆ ಕಾಫಿ ಕುಡಿದು ಎದ್ದು ಬರುತ್ತಿದ್ದ. ಏನು ಹೇಳೋಣ ಈ ಮನುಷ್ಯನಿಗೆ! ಕೆಂಪಗೆ ಕಾದ ಕಬ್ಬಿಣಕ್ಕೆ ಹೆದರದವನು ಹನ್ನೆರಡು ವರ್ಷದ ಮೊಮ್ಮಗಳ ಕಣ್ಣಿಗೆ ಹೆದರಿದ.

ಗಣೇಶನ ಹಬ್ಬ ಕಳೆದ ಎರಡನೇ ವಾರ, ಒಂದು ಮಧ್ಯಾಹ್ನ, ಸೌಮ್ಯಶ್ರೀ ಹೇಳದೆ ಕೇಳದೆ ಶಾಪಿಗೆ ಬಂದಳು. ಸ್ಕೂಟರಿನ ಮುಂದೆ ಆ ಸರಪಳಿಯ ಚೀಲ. ಮುಖ ನೋಡಿದರೆ ನಾಲ್ಕು ದಿನದಿಂದ ಅನ್ನ ಕಂಡ ಹಾಗಿರಲಿಲ್ಲ.

“ಇದನ್ನ ಕತ್ತರಿಸಿ ಗುಜರಿಗೆ ಹಾಕು ಅಪ್ಪ. ಮನೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ.”

“ಏನಾಯ್ತವ್ವ? ಸುಮಾ ಎಲ್ಲಿ?”

“ಯಾದವಗಿರಿಗೆ ಹೋದ್ಲು, ಅಜ್ಜಿ ಮನೆಗೆ. ಇನ್ನು ಅಲ್ಲೇ ಇರ್ತಾಳಂತೆ.” ಸೌಮ್ಯಶ್ರೀ ಸ್ಟೂಲಿನ ಮೇಲೆ ಕುಸಿದು ಕೂತಳು. “ಅಪ್ಪ ಯಾಕಮ್ಮ ಹೋದ್ರು ಅಂತ ಕೇಳಿದ್ಲು, ಹೋದ ಭಾನುವಾರ. ಎಷ್ಟು ದಿನ ಅಂತ ಸುಳ್ಳು ಹೇಳ್ಲಿ? ನನ್ನಿಂದ ಹೋದ್ರು ಕಣೇ ಅಂತ ಹೇಳ್ಬಿಟ್ಟೆ. ಚೈನಿನ ವಿಷಯ ಎಲ್ಲ ಹೇಳ್ದೆ. ಅವತ್ತಿಂದ ನನ್ನ ಕೈಲಿ ಒಂದು ಲೋಟ ನೀರು ಇಸ್ಕೊಂಡಿಲ್ಲ ಅಪ್ಪ ಅದು. ನಿನ್ನೆ ಬ್ಯಾಗು ತಗೊಂಡು ಹೋಗೇಬಿಡ್ತು.”

ಮಗಳನ್ನು ಕಳೆದುಕೊಳ್ಳುವ ಹೆದರಿಕೆಯಲ್ಲಿ ಹುಚ್ಚಣ್ಣ ಅವಳ ಮಗಳನ್ನು ಅವಳಿಂದ ಕಳೆದುಬಿಟ್ಟಿದ್ದ. ಇನ್ನು ಬಾಯಿ ಮುಚ್ಚಿಕೊಂಡರೆ ತಾನು ಮನುಷ್ಯನೇ ಅಲ್ಲ ಅನ್ನಿಸಿತು. ಮೆಷಿನ್ನಿನ ಹಿಂದೆ ಹೋದ. ಗೋಣಿಚೀಲ ಎಳೆದುಹಾಕಿ, ಲಂಗರನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮಗಳ ಕಾಲ ಬಳಿ ಇಟ್ಟ.

ಸೌಮ್ಯಶ್ರೀ ಅದನ್ನು ನೋಡಿದಳು. ಅಪ್ಪನನ್ನು ನೋಡಿದಳು.

“ಇದು… ಇದೆಲ್ಲಿತ್ತು?”

“ಅಲ್ಲೇ. ಅವನು ಹಾಕಿದ್ದ ಜಾಗದಲ್ಲೇ. ಮೀನು ಹಿಡಿಯೋರು ತೆಗೆದ್ರು. ಜಾಗದ ಜಿಪಿಎಸ್ ನಂಬರೂ ಕೊಟ್ಟವ್ರೆ.” ಚೀಟಿ ತೆಗೆದು ಕೊಟ್ಟ. ಸೌಮ್ಯಶ್ರೀ ಫೋನು ತೆಗೆದು, ಗಂಡ ಕೊನೆಯ ಸಂಜೆ ಕಳಿಸಿದ್ದ ಲೊಕೇಶನ್ ತೆರೆದಳು. ಬೆರಳಿಟ್ಟು ಒಂದೊಂದೇ ಅಂಕಿಯನ್ನು ಹೋಲಿಸಿ ನೋಡಿದಳು.

“ಕಿತ್ತು ಬಂದಿಲ್ವಾ? ಎಳ್ಕೊಂಡು ಹೋಗಿಲ್ವಾ?”

“ಇಲ್ಲ ಕಣವ್ವ. ಮೂರು ಜನ ಸೇರಿ ಕಿತ್ತವ್ರೆ. ಮೂವತ್ತು ಮೀಟರು ಸಾಕಾಗಿತ್ತು. ಅವನು ಸರಿಯಾಗೇ ಹಾಕಿದ್ದ, ನೀನೂ ಏನೂ ತಪ್ಪು ಮಾಡಿಲ್ಲ. ಈ ಕೊಂಡಿ ನೋಡು, ಪಿನ್ನಿಲ್ಲ. ಅಳಿವೇಲಿ ನೀರು ದಿನಕ್ಕೆ ನಾಕು ಸಲ ತಿರುಗ್ತದೆ, ಅದರ ಜೊತೆ ದೋಣೀನೂ. ಒಂದೊಂದು ಸಲಕ್ಕೂ ಒಂದೊಂದು ಕೂದಲೆಳೆಯಷ್ಟು ಬಿಚ್ಚಿಕೊಂಡದೆ. ತಂತಿ ಕಟ್ಟಿದ್ರೆ ಬಿಚ್ಚಿಕೊಳ್ತಿರಲಿಲ್ಲ. ತಂತಿ ಕಟ್ಟಲಿಲ್ಲ ನಾನು. ಅವನು ಕೇಳ್ದ ಕಣವ್ವ. ಇಕ್ಕಳ ಕೊಡಿ ಮಾವ, ನಾನೇ ಕಟ್ಕೋತೀನಿ ಅಂದ. ಪೂಜೆಗಿಟ್ಟಿದ್ದನ್ನ ಮುಟ್ಟಬ್ಯಾಡ ಅಂದೆ. ಗ್ಯಾರಂಟಿ ಅಂದೆ.”

ಸೌಮ್ಯಶ್ರೀ ಬಗ್ಗಿ ಲಂಗರನ್ನು ತಬ್ಬಿಕೊಂಡು ಅತ್ತಳು. ಹತ್ತು ತಿಂಗಳಲ್ಲಿ ಅವಳು ಹಾಗೆ ಅತ್ತಿರಲಿಲ್ಲ. “ಸಾಕಾಗಿತ್ತಾ… ಸಾಕಾಗಿತ್ತಾ…” ಎಂದು ಅಷ್ಟನ್ನೇ ಹೇಳುತ್ತಾ ಅತ್ತಳು. ಹುಚ್ಚಣ್ಣ ಅವಳ ತಲೆ ಸವರಲು ಕೈ ಚಾಚಿದ, ಧೈರ್ಯ ಬರದೆ ಹಿಂದಕ್ಕೆಳೆದುಕೊಂಡ.

ಸ್ವಲ್ಪ ಹೊತ್ತಿಗೆ ಅವಳು ಕಣ್ಣೊರೆಸಿಕೊಂಡಳು. ಉಸಿರು ಹಗುರಾಗಿತ್ತು. ಗೋಣಿಚೀಲದ ಮೇಲಿದ್ದ ದೂಳನ್ನು ನೋಡಿದಳು.

“ಇದು ಯಾವಾಗ ಬಂತು ಅಪ್ಪ?”

ಹುಚ್ಚಣ್ಣ ಗೋಣಿಚೀಲವನ್ನು ಮಡಿಸತೊಡಗಿದ.

“ಯಾವಾಗ?”

“ಮೇ ಕೊನೇಲಿ.”

ಅವಳು ಬೆರಳು ಮಡಿಸಿ ಎಣಿಸಿದಳು. ಎಣಿಸುತ್ತಾ ಎಣಿಸುತ್ತಾ ಅವಳ ಮುಖ ಬೇರೆಯೇ ಆಯಿತು.

“ತಂತಿ ಕಟ್ಟದೇ ಇದ್ದದ್ದನ್ನ ಹೆಂಗೋ ನುಂಗ್ಕೋತಿದ್ದೆ ಅಪ್ಪ ನಾನು. ನಿನ್ನ ಪೂಜೆ, ನಿನ್ನ ಜಂಬ, ನಂಗೊತ್ತಿಲ್ದೇ ಇರೋದಾ? ಆದ್ರೆ ಪ್ರತಿ ಭಾನುವಾರ ಬಂದು ನನ್ನೆದುರಿಗೆ ಕೂತು ಕಾಫಿ ಕುಡಿದ್ಯಲ್ಲ. ನಾನು ಬಾಯಿ ಬಡ್ಕೊಳ್ಳೋದನ್ನ ನೋಡ್ತಾ ಕೂತಿದ್ಯಲ್ಲ. ಹೋದ ಶನಿವಾರ ಒಂದು ಮಾತು ಹೇಳಿದ್ರೆ ನನ್ನ ಮಗು ನನ್ನ ಹತ್ರ ಇರ್ತಿತ್ತು.”

“ಭಯ ಆಯ್ತು ಕಣವ್ವ.”

“ನಂಗೂ ಭಯ ಆಗಿತ್ತು. ನಾನು ಸುಮಾಗೆ ಹೇಳ್ಲಿಲ್ವಾ?” ಎಂದು ಅವಳು ಎದ್ದಳು. “ನಡಿ. ಇದನ್ನ ಎತ್ಕೊ. ನಾನು ಹೇಳಿದ್ರೆ ತಪ್ಪು ಮುಚ್ಕೊಳ್ಳೋಕೆ ಹೇಳ್ತಿದ್ದಾಳೆ ಅಂದ್ಕೊಳ್ಳುತ್ತೆ ಅದು. ನೀನೇ ಹೇಳ್ಬೇಕು. ನಿನ್ನ ಬಾಯಿಂದ.”

ಆಟೋದಲ್ಲಿ ಲಂಗರನ್ನು ಕಾಲ ಬಳಿ ಇಟ್ಟುಕೊಂಡು ಹುಚ್ಚಣ್ಣ ಯಾದವಗಿರಿಗೆ ಹೋದ. ಸೌಮ್ಯಶ್ರೀ ಸ್ಕೂಟರಿನಲ್ಲಿ ಮುಂದೆ ಹೋದಳು, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಯೋಗೇಂದ್ರನ ತಾಯಿ ದಾಕ್ಷಾಯಣಮ್ಮ ಬಾಗಿಲು ತೆಗೆದರು. ಬೀಗರ ತೋಳಿನಲ್ಲಿದ್ದದ್ದನ್ನು ಕಂಡು ಅವರ ಬಾಯಲ್ಲಿ ಬಂದಿದ್ದ ಬನ್ನಿ ಎಂಬ ಮಾತು ಅರ್ಧಕ್ಕೇ ನಿಂತಿತು. ಸೌಮ್ಯಶ್ರೀ ಗೇಟಿನ ಹತ್ತಿರವೇ ನಿಂತುಕೊಂಡಳು. ಮಗಳು ಕರೆಯದೆ ಆ ಮನೆಯ ಮೆಟ್ಟಿಲು ಹತ್ತಲು ಅವಳಿಗೆ ಕಾಲು ಬರಲಿಲ್ಲ.

ಸುಮಾ ಒಳಗಿನಿಂದ ಬಂದಳು. ಹುಚ್ಚಣ್ಣ ಲಂಗರನ್ನು ವರಾಂಡದಲ್ಲಿ ಇಳಿಸಿ, ಅದರ ಪಕ್ಕದಲ್ಲೇ ನೆಲಕ್ಕೆ ಕೂತ. ಎಲ್ಲವನ್ನೂ ಹೇಳಿದ. ಪೂಜೆ, ಇಕ್ಕಳ, ಗ್ಯಾರಂಟಿ, ಗೋಣಿಚೀಲ, ಒಂದನ್ನೂ ಬಿಡಲಿಲ್ಲ. ಮಗು ಕೊಂಡಿಯೊಳಗೆ ಬೆರಳು ಹಾಕಿ ಖಾಲಿ ತೂತನ್ನು ಮುಟ್ಟಿ ನೋಡಿತು.

“ಹಾಗಾದ್ರೆ ಅಪ್ಪ ಲಂಗರು ಸರಿಯಾಗೇ ಹಾಕಿದ್ರಾ?”

“ಸರಿಯಾಗೇ ಹಾಕಿದ್ದ ಕಣವ್ವ.”

“ಅಮ್ಮಂದು ತಪ್ಪಿಲ್ವಾ?”

“ಒಂಚೂರೂ ಇಲ್ಲ.”

“ನಿಂದಾ?”

“ನಂದು.”

ಸುಮಾ ಅವನನ್ನು ದಿಟ್ಟಿಸಿ ನೋಡಿದಳು. ಎದ್ದು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಗೇಟಿನವರೆಗೆ ಓಡಿ, ಅಮ್ಮನ ಹೊಟ್ಟೆಗೆ ಮುಖ ಒತ್ತಿಕೊಂಡು ನಿಂತಳು. ಸೌಮ್ಯಶ್ರೀ ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿ ಮಗಳನ್ನು ತಬ್ಬಿಕೊಂಡಳು.

ದಾಕ್ಷಾಯಣಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಎಲ್ಲ ಕೇಳಿದ್ದರು. ಮೆಲ್ಲಗೆ ಬಂದು ಬಗ್ಗಿ, ಲಂಗರಿನ ಮೇಲೆ ಕೈಯಿಟ್ಟರು.

“ನನ್ನ ಮಗ ಇದನ್ನ ನಂಬ್ಕೊಂಡು ಮಲಗಿದ್ನಾ?”

“ಹೂಂ ದಾಕ್ಷಾಯಣಮ್ಮನೋರೆ.”

“ನೀವು ಹೇಳಿದ್ದು ಒಳ್ಳೇದಾಯ್ತು,” ಎಂದರು ಅವರು. “ಆದ್ರೆ ಒಳಗೆ ಬನ್ನಿ ಅಂತ ಕರೆಯೋಕೆ ನನ್ನಿಂದ ಆಗ್ತಿಲ್ಲ.”

ಹುಚ್ಚಣ್ಣ ಗೋಡೆ ಹಿಡಿದು ಎದ್ದ. ಗೇಟಿನಲ್ಲಿ ತಾಯಿ ಮಗಳು ಒಬ್ಬರನ್ನೊಬ್ಬರು ಬಿಗಿದಪ್ಪಿ ಕೂತಿದ್ದರಿಂದ ಅವನು ಪಕ್ಕಕ್ಕೆ ಸರಿದು, ಮೈ ತಾಗದ ಹಾಗೆ ದಾಟಿ ಹೋಗಬೇಕಾಯಿತು. ಇಬ್ಬರೂ ತಲೆಯೆತ್ತಲಿಲ್ಲ. ಸುಮಾ ಅಮ್ಮನನ್ನು ಬಿಟ್ಟಿರಲಿಲ್ಲ. ಅವನು ಬೇಡಿಕೊಂಡು ಬಂದದ್ದೂ ಅದನ್ನೇ. ಆದರೆ ಅದನ್ನು ನಿಂತು ನೋಡಲು ಅಲ್ಲಿ ಅವನಿಗೆ ಜಾಗ ಉಳಿದಿರಲಿಲ್ಲ.